ತಂದೆಯವರ ಸೇನಾ ಡಿಸ್ಚಾರ್ಜ್ ಬುಕ್ಕಿನಲ್ಲಿರುವ ತಪ್ಪುಗಳು: ಯಾವುದನ್ನು ಮೊದಲು ಸರಿಪಡಿಸಿಕೊಳ್ಳಬೇಕು?

ಪ್ರಶ್ನೆ
ಕಾಪುವಿನ ಓದುಗ

ಮಾನ್ಯರೇ,

ನನ್ನ ತಂದೆಯವರು 1968ರಲ್ಲಿ ಭೂಸೇನೆಯ ಆರ್ಟಿಲರಿಗೆ ಸೇರಿ, 1985ರಲ್ಲಿ ನಾಯಕ್ ಹುದ್ದೆಯಿಂದ ಪಿಂಚಣಿಯೊಂದಿಗೆ ನಿವೃತ್ತರಾದವರು. ಅವರ ಪಿಂಚಣಿ ಬ್ಯಾಂಕಿನಿಂದ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ವರ್ಗವಾದ ಮೇಲೆ, ಜೀವಿತ ಪ್ರಮಾಣಪತ್ರ ಸಲ್ಲಿಸಲು ಹೋದಾಗ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಮಾತು ಬಂತು. ಮನೆಗೆ ಬಂದು ಡಿಸ್ಚಾರ್ಜ್ ಬುಕ್ ಬಿಚ್ಚಿ ನೋಡಿದರೆ, ಇಷ್ಟು ವರ್ಷ ಯಾರೂ ಗಮನಿಸದಿದ್ದ ಹಲವು ವ್ಯತ್ಯಾಸಗಳು ಕಂಡುಬಂದವು.

ತಾಯಿಯವರ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರಿದೆ. ಆಧಾರ್ ಮತ್ತು ಪ್ಯಾನ್ ಕಾರ್ಡುಗಳಲ್ಲಿರುವ ಪೂರ್ಣ ಹೆಸರಿಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ, ಅವರ ಜನ್ಮದಿನಾಂಕವಂತೂ ಎಲ್ಲಿಯೂ ನಮೂದಾಗಿಲ್ಲ. ತಂದೆಯವರ ಹೆಸರು ಪುಸ್ತಕದಲ್ಲಿ ‘ಪೂಜಾರಿ’ ಎಂದಿದ್ದರೆ ಆಧಾರ್‌ನಲ್ಲಿ ‘ಕೋಟ್ಯಾನ್’ ಎಂದಿದೆ. ಅಜ್ಜನ ಹೆಸರಿನ ಮುಂದೆ ‘ಸುವರ್ಣ’ ಎಂದಿರುವುದನ್ನು ನೋಡಿದ ಸೇವಾ ಕೇಂದ್ರದವರೊಬ್ಬರು, ತಂದೆಗೂ ಮಗನಿಗೂ ಅಡ್ಡಹೆಸರು ಬೇರೆಯಾಗಲು ಹೇಗೆ ಸಾಧ್ಯ, ಇದೂ ತಪ್ಪೇ ಎಂದರು. ತಂದೆಯವರ ಹುಟ್ಟಿದ ವರ್ಷ ಸೇನೆಯ ದಾಖಲೆಯಲ್ಲಿ 1948 ಎಂದೂ, ಶಾಲೆಯ ದಾಖಲಾತಿ ಪುಸ್ತಕ ಹಾಗೂ ಆಧಾರ್‌ನಲ್ಲಿ 1950 ಎಂದೂ ಇದೆ. ವಿಳಾಸ ‘ಸೌತ್ ಕೆನರಾ, ಮೈಸೂರು ರಾಜ್ಯ’ ಎಂದಿದೆ. 1971ರ ಯುದ್ಧದಲ್ಲಿ ಅವರ ಘಟಕ ಪೂರ್ವ ರಂಗದಲ್ಲಿದ್ದರೂ ಪದಕಗಳ ಪುಟದಲ್ಲಿ ಪೂರ್ವಿ ಸ್ಟಾರ್ ಇಲ್ಲ.

ಎಲ್ಲವನ್ನೂ ಒಂದೇ ಅಫಿಡವಿಟ್‌ನಲ್ಲಿ ಬರೆದು ಒಮ್ಮೆಲೇ ತಿದ್ದಿಸಿಕೊಳ್ಳಿ ಎಂದು ಒಬ್ಬರು, ವಕೀಲರನ್ನು ಹಿಡಿಯದೆ ಆಗದು ಎಂದು ಇನ್ನೊಬ್ಬರು ಹೇಳುತ್ತಾರೆ. ಅರ್ಜಿ ಯಾರಿಗೆ ಹೋಗಬೇಕು, ಯಾವುದಕ್ಕೆ ಮೊದಲ ಗಮನ ಕೊಡಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ 1
ಮಾಜಿ ಹವಾಲ್ದಾರ್ ಕ್ಲರ್ಕ್, ಮೂಡುಬಿದಿರೆ

ನಮಸ್ಕಾರ. ಸೇವೆಯ ಬಹುಭಾಗವನ್ನು ಇಂಥ ಕಾಗದಗಳ ನಡುವೆಯೇ ಕಳೆದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ತಮ್ಮ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ ಮೂಲ ದಾಖಲೆಯಲ್ಲ. ಸೈನಿಕನ ಮೂಲ ದಾಖಲೆಯಾದ ಶೀಟ್ ರೋಲ್ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಆರ್ಟಿಲರಿಯವರದ್ದು ನಾಸಿಕ್ ರೋಡ್ ಕ್ಯಾಂಪಿನಲ್ಲಿದೆ. ಮದುವೆ, ಮಕ್ಕಳ ಜನನ, ಬಡ್ತಿ, ಪದಕ ಇವೆಲ್ಲ ಸೇವೆಯಲ್ಲಿರುವಾಗ ‘ಪಾರ್ಟ್ ಟೂ ಆರ್ಡರ್’ ಮೂಲಕ ಪ್ರಕಟವಾಗಿ ಶೀಟ್ ರೋಲಿಗೆ ಸೇರುತ್ತವೆ, ಕುಟುಂಬದ ವಿವರ ಕಿಂಡ್ರೆಡ್ ರೋಲ್ ಎಂಬ ಹಾಳೆಯಲ್ಲಿ ಇರುತ್ತದೆ. ನಿವೃತ್ತಿಯ ದಿನ ಇದರಿಂದ ನಕಲು ಮಾಡಿ ಕೊಟ್ಟದ್ದು ಡಿಸ್ಚಾರ್ಜ್ ಬುಕ್. ಇದೇ ದಾಖಲೆಯ ಆಧಾರದ ಮೇಲೆ ಪಿಂಚಣಿ ಮಂಜೂರಾತಿಯ ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರಯಾಗರಾಜ್‌ನ ಪಿಸಿಡಿಎ ಪಿಂಚಣಿ ಕಚೇರಿಯಿಂದ ಬರುತ್ತದೆ. ಈಗ ಸ್ಪರ್ಶ್‌ನಲ್ಲಿ ಕಾಣುವುದು ಆ ಹಳೆಯ ಪಿಪಿಒದಿಂದ ಗಣಕಕ್ಕೆ ಏರಿಸಿದ ಮಾಹಿತಿ. ತಪ್ಪು ಈ ನಾಲ್ಕು ಹಂತಗಳಲ್ಲಿ ಎಲ್ಲಿ ನುಸುಳಿತು ಎಂಬುದು ತಿಳಿಯದೆ ಅರ್ಜಿ ಬರೆದರೆ ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ. ಆದ್ದರಿಂದ 1985ರ ಪಿಪಿಒ ಪ್ರತಿಯನ್ನು ಸ್ಪರ್ಶ್‌ನ ವಿವರದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಿ. ಹಳೆಯ ಪಿಪಿಒ ಸರಿಯಿದ್ದು ಸ್ಪರ್ಶ್‌ನಲ್ಲಿ ಮಾತ್ರ ತಪ್ಪಿದ್ದರೆ, ಅಲ್ಲಿಯೇ ಪಿಪಿಒ ಪ್ರತಿಯನ್ನು ಲಗತ್ತಿಸಿ ದೂರು ದಾಖಲಿಸಬಹುದು. ಪಿಪಿಒದಲ್ಲೇ ತಪ್ಪಿದ್ದರೆ ರೆಕಾರ್ಡ್ ಆಫೀಸಿಗೇ ಹೋಗಬೇಕು.

ಶೀಟ್ ರೋಲಿನಲ್ಲಿ ನಿಜವಾಗಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅದರ ಮತ್ತು ಕಿಂಡ್ರೆಡ್ ರೋಲಿನ ದೃಢೀಕೃತ ಪ್ರತಿಯನ್ನು ಕೇಳಿ. ಶುಲ್ಕ 10 ರೂಪಾಯಿಯ ಪೋಸ್ಟಲ್ ಆರ್ಡರ್, ಉತ್ತರಕ್ಕೆ 30 ದಿನಗಳ ಅವಧಿ. ಇದು ವೈಯಕ್ತಿಕ ಮಾಹಿತಿಯಾದ್ದರಿಂದ ಅರ್ಜಿ ತಂದೆಯವರ ಹೆಸರಿನಲ್ಲಿ, ಅವರ ಸಹಿಯೊಂದಿಗೇ ಹೋಗಲಿ. ಮಗ ಕೇಳಿದರೆ ನಿರಾಕರಿಸಲು ಅವರಿಗೆ ಕಾರಣ ಸಿಗುತ್ತದೆ.

ಇನ್ನು ತಾವು ಹೇಳಿದ ತಪ್ಪುಗಳು. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ತುರ್ತಾಗಿ ತಿದ್ದಬೇಕಾದದ್ದು ಒಂದೇ: ತಾಯಿಯವರ ಹೆಸರು ಮತ್ತು ಜನ್ಮದಿನಾಂಕ. ತಂದೆಯವರು ಇರುವಷ್ಟು ಕಾಲ ಅವರ ಪಿಂಚಣಿ ಹೇಗೋ ನಡೆಯುತ್ತದೆ. ಅವರ ಕಾಲಾನಂತರ ಕುಟುಂಬ ಪಿಂಚಣಿ ಪಡೆಯಬೇಕಾದವರು ತಾಯಿಯವರು, ಮತ್ತು ದಾಖಲೆಯಲ್ಲಿರುವ ಹೆಂಗಸು ತಾನೇ ಎಂದು ಆಗ ಸಾಬೀತು ಮಾಡಬೇಕಾದವರೂ ಅವರೇ. ಇಂದು ತಂದೆಯವರು ‘ಇವಳೇ ನನ್ನ ಹೆಂಡತಿ, ಈ ಎರಡೂ ಹೆಸರು ಇವಳದ್ದೇ’ ಎಂದು ಸಹಿ ಹಾಕಿದರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ನಾಳೆ ಆ ಸಹಿ ಸಿಗುವುದಿಲ್ಲ.

ಜನ್ಮದಿನಾಂಕದ ವಿಷಯವನ್ನು ಜನ ಹಗುರವಾಗಿ ಕಾಣುತ್ತಾರೆ. 80 ವರ್ಷ ತುಂಬುವ ತಿಂಗಳಿನಿಂದ ಮೂಲ ಪಿಂಚಣಿಯ ಮೇಲೆ ಶೇಕಡ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಶೇಕಡ 100ರಷ್ಟು ಹೆಚ್ಚುವರಿ ಪಿಂಚಣಿ ಸಿಗುತ್ತದೆ, ಮತ್ತು ಕುಟುಂಬ ಪಿಂಚಣಿ ಪಡೆಯುವ ವಿಧವೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ದಾಖಲೆಯಲ್ಲಿ ಹುಟ್ಟಿದ ದಿನವೇ ಇಲ್ಲದಿದ್ದರೆ ಅವರಿಗೆ 80 ಆಯಿತೆಂದು ಯಾವ ಗಣಕಕ್ಕೂ ತಿಳಿಯುವುದಿಲ್ಲ, ಯಾರೂ ಪತ್ರ ಬರೆದು ಕೇಳುವುದೂ ಇಲ್ಲ. ನಮ್ಮ ಕಡೆ ಎಂಬತ್ತು ದಾಟಿದ ಅಜ್ಜಿಯರು ಕಡಿಮೆಯೇನಿಲ್ಲವಲ್ಲ.

ಇದಕ್ಕೆ ತಂದೆಯವರ ಸಹಿಯುಳ್ಳ ಅರ್ಜಿ, ಎರಡು ಹೆಸರುಗಳೂ ಒಬ್ಬರದ್ದೇ ಎಂಬ ಅಫಿಡವಿಟ್, ಡಿಸ್ಚಾರ್ಜ್ ಬುಕ್ ಹಾಗೂ ಪಿಪಿಒ ಪ್ರತಿ, ತಾಯಿಯವರ ಆಧಾರ್ ಮತ್ತು ಪ್ಯಾನ್, ಇದ್ದರೆ ಶಾಲಾ ದಾಖಲೆ ಅಥವಾ ಪಾಸ್‌ಪೋರ್ಟ್, ದಂಪತಿಗಳ ಜಂಟಿ ಭಾವಚಿತ್ರ ಇಷ್ಟನ್ನು ಸಿದ್ಧಪಡಿಸಿ. ಹೆಸರು ಪೂರ್ತಿ ಬೇರೆಯಾಗಿರುವುದರಿಂದ ಪತ್ರಿಕಾ ಪ್ರಕಟಣೆಯನ್ನೂ ಕೇಳಬಹುದು. ಅದಕ್ಕಾಗಿ ಮೊದಲೇ ಹಣ ಖರ್ಚು ಮಾಡದೆ, ಏನೇನು ಬೇಕೆಂಬ ಪಟ್ಟಿಯನ್ನು ರೆಕಾರ್ಡ್ ಆಫೀಸಿನಿಂದಲೇ ತರಿಸಿಕೊಳ್ಳುವುದು ಮೇಲು. ಕನ್ನಡದಲ್ಲಿರುವ ಯಾವುದೇ ದಾಖಲೆಗೆ ನೋಟರಿ ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿರಲಿ, ನಾಸಿಕ್‌ನ ಮೇಜಿನಲ್ಲಿ ಕನ್ನಡ ಓದುವವರು ಸಿಗುತ್ತಾರೆಂದು ನಂಬಿ ಕೂರಬೇಡಿ. ಅರ್ಜಿಯನ್ನು ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪನಿರ್ದೇಶಕರ ಕಚೇರಿಯ ಮೂಲಕ ಕಳುಹಿಸಿದರೆ ಅವರ ಮುಚ್ಚುಪತ್ರ ಮತ್ತು ಮೊಹರು ಸೇರಿಕೊಳ್ಳುತ್ತದೆ. ನೇರವಾಗಿ ಅಂಚೆಯಲ್ಲಿ ಕಳುಹಿಸಿದ ಕಾಗದಕ್ಕಿಂತ ಇದಕ್ಕೆ ತೂಕ ಹೆಚ್ಚು. ರೆಕಾರ್ಡ್ ಆಫೀಸು ಒಪ್ಪಿದ ಮೇಲೆ ಪಿಂಚಣಿ ಕಚೇರಿಯಿಂದ ತಿದ್ದುಪಡಿಯ ಪಿಪಿಒ, ಅಂದರೆ ಕಾರಿಜೆಂಡಮ್ ಪಿಪಿಒ, ಹೊರಡಬೇಕು. ರೆಕಾರ್ಡ್ ಆಫೀಸಿನ ಪತ್ರ ಬಂದಿತೆಂದು ಅಲ್ಲಿಗೇ ನಿಲ್ಲಿಸಿದವರು ಬಹಳ ಮಂದಿ, ಆದರೆ ಕಾರಿಜೆಂಡಮ್ ಕೈಗೆ ಬಂದು ಸ್ಪರ್ಶ್‌ನಲ್ಲಿ ಹೊಸ ಹೆಸರು ಕಾಣುವವರೆಗೆ ಕೆಲಸ ಮುಗಿದಂತಲ್ಲ. ಹಳೆಯ ಪಿಪಿಒದಲ್ಲಿ ಕುಟುಂಬ ಪಿಂಚಣಿಯ ಭಾಗವೇ ಇಲ್ಲವೆಂದಾದರೆ, ಅದನ್ನು ಸೇರಿಸುವ ‘ಜಾಯಿಂಟ್ ನೋಟಿಫಿಕೇಶನ್’ ಎಂಬ ಪ್ರತ್ಯೇಕ ಕ್ರಮವಿದೆ, ಅದನ್ನೇ ಹೆಸರಿಸಿ ಕೇಳಿ.

ಅಡ್ಡಹೆಸರಿನ ವಿಷಯದಲ್ಲಿ ಸೇವಾ ಕೇಂದ್ರದವರ ಮಾತು ಕೇಳಬೇಡಿ. ಅಳಿಯಕಟ್ಟಿನ ಮನೆಗಳಲ್ಲಿ ಬರಿ, ಅಂದರೆ ಕುಲದ ಹೆಸರು, ತಾಯಿಯ ಕಡೆಯಿಂದ ಬರುತ್ತದೆ, ತಂದೆ ಸುವರ್ಣ, ಮಗ ಕೋಟ್ಯಾನ್ ಆಗಿರುವುದು ತುಳುನಾಡಿನಲ್ಲಿ ಸಹಜ. ಅದು ತಪ್ಪಲ್ಲ, ತಿದ್ದುವಂಥದ್ದೂ ಅಲ್ಲ. ಹೊರಗಿನ ಕಚೇರಿ ಕೇಳಿದರೆ ಅಫಿಡವಿಟ್‌ನಲ್ಲಿ ಒಂದು ವಾಕ್ಯದ ವಿವರಣೆ ಸಾಕು. ತಂದೆಯವರ ಸ್ವಂತ ಹೆಸರಿನ ‘ಪೂಜಾರಿ’ ಮತ್ತು ‘ಕೋಟ್ಯಾನ್’ ವ್ಯತ್ಯಾಸ ಮಾತ್ರ ಬೇರೆ. ಆರ್‌ಟಿಸಿ, ಬ್ಯಾಂಕ್, ಪ್ಯಾನ್ ಎಲ್ಲವೂ ಯಾವ ಹೆಸರಿನಲ್ಲಿವೆ ನೋಡಿ. ಆಧಾರ್ ಒಂದೇ ಬೇರೆಯಾಗಿದ್ದರೆ ಆಧಾರ್ ಅನ್ನು ಸೇನೆಯ ದಾಖಲೆಗೆ ಹೊಂದಿಸುವುದು ಸುಲಭ. ಇಂಗ್ಲಿಷಿನಲ್ಲಿ ಪೂಜಾರಿಯ ಕೊನೆಗೆ ‘ವೈ’ ಇದೆಯೋ ‘ಐ’ ಇದೆಯೋ ಎಂಬುದನ್ನೂ ಆಗಲೇ ಪಿಪಿಒ ನೋಡಿ ಹೊಂದಿಸಿಕೊಳ್ಳಿ.

ವಿಳಾಸವನ್ನು ಬಿಟ್ಟುಬಿಡಿ. 1968ರಲ್ಲಿ ನಮ್ಮದು ಮೈಸೂರು ರಾಜ್ಯವೇ ಆಗಿತ್ತು, 1973ರ ನವೆಂಬರ್ 1ರಂದು ಕರ್ನಾಟಕವಾಯಿತು, 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಇತಿಹಾಸವನ್ನು ತಿದ್ದಿಸಲು ಅರ್ಜಿ ಬೇಡ, ಈಗಿನ ವಿಳಾಸ ಸ್ಪರ್ಶ್‌ನಲ್ಲಿದ್ದರೆ ಸಾಕು.

ಪೂರ್ವಿ ಸ್ಟಾರ್‌ಗೆ ಪ್ರತ್ಯೇಕ ಅರ್ಜಿ ಕೊಡಿ, ಹೆಸರಿನ ಅರ್ಜಿಯೊಂದಿಗೆ ಬೆರೆಸಬೇಡಿ. ಅಂದಿನ ಘಟಕದ ಹೆಸರು ಮತ್ತು ಅವಧಿಯನ್ನು ಬರೆದು, ಪದಕಕ್ಕೆ ಅರ್ಹತೆಯಿದ್ದೂ ನಮೂದಾಗಿಲ್ಲವೆಂದು ತಿಳಿಸಬೇಕು. ಸಂಗ್ರಾಮ್ ಪದಕ, ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವ ಪದಕ ಮತ್ತು ಒಂಬತ್ತು ವರ್ಷಗಳ ದೀರ್ಘ ಸೇವಾ ಪದಕ ಪುಟದಲ್ಲಿವೆಯೇ ಎಂದೂ ನೋಡಿ. ಇವುಗಳಿಂದ ಹಣವೇನೂ ಬಾರದು, ಆದರೂ ಕೆಲವು ಹಿರಿಯರಿಗೆ ಪಿಂಚಣಿಗಿಂತ ಇದೇ ಹೆಚ್ಚು ಮನಸ್ಸಿಗೆ ಹತ್ತಿರ ಎಂಬುದನ್ನು ಬಲ್ಲೆ.

ಹುಟ್ಟಿದ ವರ್ಷದ ಬಗ್ಗೆ ವಕೀಲರು ಯಾರಾದರೂ ಬರೆದರೆ ಒಳ್ಳೆಯದು. ನನ್ನ ಸಲಹೆ, ಸೇನೆಯ ದಾಖಲೆಯನ್ನು ಮುಟ್ಟಬೇಡಿ. ಕೊನೆಯದಾಗಿ, ಡಿಸ್ಚಾರ್ಜ್ ಬುಕ್ಕಿನ ಮೇಲೆ ಪೆನ್ನಿನಿಂದ ಒಂದು ಚುಕ್ಕೆಯನ್ನೂ ಹಾಕಬೇಡಿ.


ಉತ್ತರ 2
ಬ್ರಹ್ಮಾವರದಿಂದ, ಮಾಜಿ ಸೈನಿಕರ ಮಗಳು

ಮೇಲಿನವರು ತಾಯಿಯ ಹೆಸರಿನ ಬಗ್ಗೆ ಹೇಳಿದ್ದನ್ನು ನಮ್ಮ ಮನೆ ಅನುಭವಿಸಿದೆ. ತಂದೆಯವರು ತೀರಿಕೊಂಡ ಸುದ್ದಿ ತಿಳಿಸಿದ ಕೂಡಲೇ ಅವರ ಪಿಂಚಣಿ ನಿಂತಿತು, ಅದು ನಿಯಮ. ಆದರೆ ಅಮ್ಮನ ಕುಟುಂಬ ಪಿಂಚಣಿ ಆರಂಭವಾಗಲಿಲ್ಲ, ಏಕೆಂದರೆ ಪಿಪಿಒದಲ್ಲಿದ್ದದ್ದು ಅಮ್ಮನ ತವರಿನ ಹೆಸರು. ಅವರ ಮದುವೆ ದೇವಸ್ಥಾನದಲ್ಲಿ ಆದದ್ದು, ನೋಂದಣಿಯಾಗಿರಲಿಲ್ಲ. ನಾಡಕಚೇರಿಯಿಂದ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಪತ್ರ ತಂದರೂ, ಅದರಲ್ಲಿರುವುದೂ ಈಗಿನ ಹೆಸರೇ ಅಲ್ಲವೇ ಎಂಬ ಪ್ರಶ್ನೆ ಬಂತು. ಕೊನೆಗೆ ನೆರವಾದದ್ದು ತಂದೆಯವರು ಬದುಕಿದ್ದಾಗ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್ ಕಾರ್ಡಿಗಾಗಿ ಸಹಿ ಹಾಕಿಕೊಟ್ಟಿದ್ದ ಅರ್ಜಿಯ ನಕಲು. ಅದರಲ್ಲಿ ಇಬ್ಬರ ಭಾವಚಿತ್ರವೂ ಅಮ್ಮನ ಎರಡೂ ಹೆಸರುಗಳೂ ಇದ್ದವು. ಅಷ್ಟು ತಿಂಗಳು ಅಮ್ಮ ನಮ್ಮ ಕೈ ನೋಡುವಂತಾದದ್ದು ಅವರಿಗೆ ಹಣಕ್ಕಿಂತ ಹೆಚ್ಚಿನ ನೋವಾಗಿತ್ತು.

ಇನ್ನೊಂದು ವಿಷಯವನ್ನು ಸೇರಿಸುತ್ತೇನೆ. ಮಕ್ಕಳ ಹೆಸರುಗಳು ದಾಖಲೆಯಲ್ಲಿವೆಯೇ ಎಂದೂ ನೋಡಿ. ಸಾಮಾನ್ಯವಾಗಿ ಬೆಳೆದ ಮಕ್ಕಳಿಗೆ ಇದರಿಂದ ಏನೂ ಆಗಬೇಕಾಗಿಲ್ಲ. ಆದರೆ ದುಡಿದು ಬದುಕಲಾಗದಷ್ಟು ಅಂಗವೈಕಲ್ಯವಿರುವ ಮಗನೋ ಮಗಳೋ ಇದ್ದರೆ, ತಂದೆ ತಾಯಿಯರ ನಂತರ ಅವರಿಗೆ ಜೀವನಪರ್ಯಂತ ಕುಟುಂಬ ಪಿಂಚಣಿಯ ಹಕ್ಕಿದೆ. ನನ್ನ ತಮ್ಮನಿಗೆ ಬುದ್ಧಿಮಾಂದ್ಯತೆಯಿದೆ. ಅವನ ಹೆಸರನ್ನು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಈಗಲೇ ದಾಖಲಿಸುತ್ತಿದ್ದೇವೆ, ಜೊತೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಪಾಲಕತ್ವದ ಅರ್ಜಿಯನ್ನೂ ಹಾಕಿದ್ದೇವೆ. ಉಡುಪಿ ಜಿಲ್ಲೆಯವರಿಗೆ ಇದು ಮಣಿಪಾಲದ ರಜತಾದ್ರಿಯಲ್ಲಿ ಆಗುವ ಕೆಲಸ.


ಉತ್ತರ 3
ವಕೀಲರು, ಮಂಗಳೂರು

ಹುಟ್ಟಿದ ವರ್ಷದ ವಿಷಯಕ್ಕೆ ಬರುತ್ತೇನೆ. ಸೇವೆಗೆ ಸೇರುವಾಗ ನೌಕರನೇ ಒಪ್ಪಿ ಸಹಿ ಹಾಕಿದ ಜನ್ಮದಿನಾಂಕವನ್ನು ಬಹುಕಾಲದ ನಂತರ, ಅದರಲ್ಲೂ ನಿವೃತ್ತಿಯ ಅಂಚಿನಲ್ಲಿ ಅಥವಾ ಆಮೇಲೆ, ಬದಲಿಸಲು ಸುಪ್ರೀಂ ಕೋರ್ಟ್ 1993ರ ಹರ್ನಾಮ್ ಸಿಂಗ್ ಪ್ರಕರಣದಿಂದ ಮೊದಲ್ಗೊಂಡು ಹಲವು ತೀರ್ಪುಗಳಲ್ಲಿ ನಿರುತ್ಸಾಹ ತೋರಿಸಿದೆ. ಆದ್ದರಿಂದ 1948 ಎಂಬುದು 1950 ಆಗಬೇಕೆಂಬ ಬೇಡಿಕೆಗೆ ಕಾನೂನಿನ ಬಲ ಕಡಿಮೆ. ಬಲವಿದ್ದರೂ ಅದರಿಂದ ಯಾರಿಗೆ ಲಾಭ ಎಂದು ಲೆಕ್ಕ ಹಾಕಿ ನೋಡಿ: ಸೇನೆಯ ದಾಖಲೆಯಂತೆ ತಮ್ಮ ತಂದೆಯವರಿಗೆ 80 ತುಂಬುವುದು 2028ರಲ್ಲಿ, ಆಧಾರ್‌ನಂತೆ 2030ರಲ್ಲಿ. ಹೆಚ್ಚುವರಿ ಪಿಂಚಣಿಯನ್ನು ಎರಡು ವರ್ಷ ಮುಂದೂಡಿಸಿಕೊಳ್ಳಲು ಅರ್ಜಿ ಹಾಕಿದಂತಾಗುತ್ತದೆ. ಆಧಾರ್ ಎಂಬುದು ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತಾಳೆಯಾಗದೆ ತೊಂದರೆಯಾದರೆ ಪಿಂಚಣಿ ದಾಖಲೆಯನ್ನು ತೋರಿಸಿ ಆಧಾರ್‌ನಲ್ಲಿ ತಿದ್ದುಪಡಿ ಕೇಳುವುದು ಸರಿಯಾದ ದಿಕ್ಕು. ಆದರೆ ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ಬದಲಿಸಲು ಅವಕಾಶವಿರುವುದರಿಂದ, ದಿನ ಮತ್ತು ತಿಂಗಳನ್ನೂ ಪಿಪಿಒಗೆ ಸರಿಯಾಗಿ ನೋಡಿಕೊಂಡೇ ಅರ್ಜಿ ಕೊಡಬೇಕು.

ತಮ್ಮ ಪ್ರಶ್ನೆಯಲ್ಲಿರುವ ತಪ್ಪುಗಳಿಗೆ ವಕೀಲರ ಅಗತ್ಯವಿಲ್ಲ ಎಂಬುದನ್ನು ವಕೀಲನಾಗಿಯೇ ಹೇಳುತ್ತೇನೆ. ಬೇರೆ ಬಗೆಯ ತಪ್ಪುಗಳಿವೆ: ಸೇವಾವಧಿಯ ಲೆಕ್ಕ, ಹುದ್ದೆ ಅಥವಾ ಗ್ರೂಪ್, ಬಿಡುಗಡೆಯ ಕಾರಣ, ನಡತೆಯ ಷರಾ, ಬಿಡುಗಡೆ ವೇಳೆಯ ವೈದ್ಯಕೀಯ ಮಂಡಳಿಯ ಅಭಿಪ್ರಾಯ. ಇವು ಗುಮಾಸ್ತನ ಕೈತಪ್ಪುಗಳಲ್ಲ, ಹಕ್ಕಿನ ಪ್ರಶ್ನೆಗಳು. ಅವಧಿ ಪೂರ್ಣಗೊಂಡು ಬಿಡುಗಡೆಯಾದವನನ್ನು ‘ಸ್ವಂತ ಕೋರಿಕೆಯ ಮೇರೆಗೆ’ ಎಂದು ಬರೆದರೆ ಅದರ ಪರಿಣಾಮ ದೂರದವರೆಗೆ ಹೋಗುತ್ತದೆ. 2014ರ ಜುಲೈ 1ರಿಂದ ಜಾರಿಯಾದ ಒಂದು ಹುದ್ದೆ ಒಂದು ಪಿಂಚಣಿಯ ದರಗಳೂ ಹುದ್ದೆ ಮತ್ತು ಅರ್ಹ ಸೇವೆಯ ಮೇಲೆಯೇ ನಿಂತಿರುವುದರಿಂದ, ಆರು ತಿಂಗಳ ಸೇವೆ ಬಿಟ್ಟುಹೋದರೂ ತಿಂಗಳು ತಿಂಗಳು ನಷ್ಟ. ಇಂಥವುಗಳಲ್ಲಿ ಮೊದಲು ಲಿಖಿತ ಮನವಿ ಸಲ್ಲಿಸಿ, ಅದು ತಿರಸ್ಕೃತವಾದರೆ 2007ರ ಕಾಯ್ದೆಯಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ನಿವೃತ್ತರು ತಾವು ವಾಸವಿರುವ ಪ್ರದೇಶದ ಪೀಠದಲ್ಲಿ ಅರ್ಜಿ ಹಾಕಬಹುದಾದ್ದರಿಂದ ನಮಗೆ ಕರ್ನಾಟಕವೂ ಸೇರುವ ಕೊಚ್ಚಿ ಪೀಠವಿದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಪಿಂಚಣಿಯ ಕೊರತೆ ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯವೆಂಬ ಕಾರಣಕ್ಕೆ ತಡವಾದ ಅರ್ಜಿಗಳನ್ನೂ ಪರಿಗಣಿಸುತ್ತಾರೆ, ಆದರೆ ತರ್ಸೇಮ್ ಸಿಂಗ್ ಪ್ರಕರಣದ 2008ರ ತೀರ್ಪಿನ ನಂತರ ಬಾಕಿ ಹಣವನ್ನು ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸುತ್ತಾರೆ. ಇಪ್ಪತ್ತು ವರ್ಷ ಸುಮ್ಮನಿದ್ದು ಇಪ್ಪತ್ತು ವರ್ಷದ ಬಾಕಿ ಬರುತ್ತದೆಂದು ಭರವಸೆ ಕೊಡುವ ಮಧ್ಯವರ್ತಿಗಳಿಂದ ದೂರವಿರಿ.

ಬ್ರಹ್ಮಾವರದ ಸಹೋದರಿಯವರಂಥ ಸ್ಥಿತಿಯಲ್ಲಿರುವ ವಿಧವೆಯರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಮಂಗಳೂರು ಮತ್ತು ಉಡುಪಿ ಎರಡರಲ್ಲೂ ಜಿಲ್ಲಾ ಪ್ರಾಧಿಕಾರಗಳಿವೆ.


ಪ್ರಶ್ನೆ ಕೇಳಿದವರ ಮಾತು
ಕಾಪುವಿನ ಓದುಗ

ಎಲ್ಲರಿಗೂ ಧನ್ಯವಾದ. ತಾಯಿಯವರ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತೇವೆ, ಹುಟ್ಟಿದ ವರ್ಷವನ್ನು ತಿದ್ದಿಸುವ ವಿಚಾರವನ್ನು ತಂದೆಯವರೇ ನಕ್ಕು ಬಿಟ್ಟುಬಿಟ್ಟರು. ಎರಡು ಸಂದೇಹ ಉಳಿದಿವೆ. ತಂದೆಯವರ ಕೈ ನಡುಗುವುದರಿಂದ ಸಹಿ ಹಳೆಯ ಸಹಿಗೆ ಹೋಲುವುದಿಲ್ಲ, ಇದಕ್ಕೇನು ಮಾಡಬೇಕು? ಹಾಗೆಯೇ, ಐದೇ ವರ್ಷ ಸೇವೆ ಮಾಡಿ ಪಿಂಚಣಿಯಿಲ್ಲದೆ 1970ರ ದಶಕದಲ್ಲಿ ಹೊರಬಂದ ನನ್ನ ಸೋದರಮಾವನವರ ಡಿಸ್ಚಾರ್ಜ್ ಬುಕ್ಕಿನಲ್ಲೂ ಹೆಸರು ತಪ್ಪಾಗಿದೆ. ಅದನ್ನೂ ಈಗ ತಿದ್ದಿಸಬಹುದೇ?


ಉತ್ತರ 4
ಮಾಜಿ ಹವಾಲ್ದಾರ್ ಕ್ಲರ್ಕ್, ಮೂಡುಬಿದಿರೆ

ಸಹಿ ಹೋಲದಿದ್ದರೆ ಎಡಗೈ ಹೆಬ್ಬೆರಳಿನ ಗುರುತು ಹಾಕಿಸಿ, ಅದನ್ನು ಸೈನಿಕ ಕಲ್ಯಾಣ ಕಚೇರಿಯ ಅಧಿಕಾರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಎದುರಿನಲ್ಲೇ ದೃಢೀಕರಿಸಿಕೊಳ್ಳಿ. ಒಂದು ಕಾಗದಕ್ಕೆ ಸಹಿ, ಇನ್ನೊಂದಕ್ಕೆ ಹೆಬ್ಬೆರಳು ಎಂದು ಮಾಡಬೇಡಿ. ಇಡೀ ಕಡತಕ್ಕೆ ಒಂದೇ ಕ್ರಮವಿರಲಿ.

ಸೋದರಮಾವನವರ ವಿಷಯ ಕಷ್ಟದ್ದು. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು ಭೂಸೇನೆಯ ನಿಯಮಾವಳಿಯ 595ನೇ ಕಂಡಿಕೆಯಂತೆ 25 ವರ್ಷಗಳ ಬಳಿಕ ನಾಶಪಡಿಸುತ್ತಾರೆ. ಆ ಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ವಹಿಯಲ್ಲಿನ ಸಂಕ್ಷಿಪ್ತ ನಮೂದು ಮಾತ್ರ. ಮೊದಲು ಮಾಹಿತಿ ಹಕ್ಕಿನಲ್ಲಿ ಆ ನಮೂದಿನ ಪ್ರತಿಯನ್ನು ಕೇಳಿ. ಅದರಲ್ಲಿ ಹೆಸರು ಸರಿಯಿದ್ದರೆ ಆ ಪ್ರತಿಯೇ ಅವರ ಕೈಯಲ್ಲಿರುವ ಪುಸ್ತಕದ ತಪ್ಪಿಗೆ ಉತ್ತರವಾಗುತ್ತದೆ. ಅದರಲ್ಲೂ ತಪ್ಪಿದ್ದರೆ, ಎರಡೂ ಹೆಸರು ತನ್ನದೇ ಎಂಬ ಅಫಿಡವಿಟ್ ಅನ್ನು ಪುಸ್ತಕದ ಜೊತೆಗಿಟ್ಟುಕೊಳ್ಳುವುದೇ ದಾರಿ. ಅವರ ಸೇವಾ ಸಂಖ್ಯೆ ಡಿಸ್ಚಾರ್ಜ್ ಬುಕ್ಕಿನ ಮೊದಲ ಪುಟದಲ್ಲಿ ಸ್ಪಷ್ಟವಾಗಿ ಓದಲು ಬರುತ್ತದೆಯೇ ನೋಡಿ, ಅದು ಅಳಿಸಿಹೋಗಿದ್ದರೆ ಲಾಂಗ್ ರೋಲಿನಲ್ಲಿ ಹುಡುಕುವುದೂ ಕಷ್ಟ.